ಗಂಧ ಮುಚ್ಚಿದ ಹದಿನಾರು

ಕೊಮಾರಪಾಳ್ಯದ ಅಂಗಪ್ಪನ ಮಗ್ಗದ ಶೆಡ್ಡಿನಲ್ಲಿ ಪಾವಾತ್ತಾಳ್ ಹದಿನೆಂಟು ವರ್ಷ ನೂಲು ಸುತ್ತಿದಳು. ಅವಳ ಗಂಡ ಸೆಂಗೋಡ ವೈರ್‌ಮನ್. ಅಲ್ಲಿನ ಕರೆಂಟಿನ ಲೈನು ಎಳೆದವನೂ ಅವನೇ. ಶಾಲೆ ಕಾಣದ ಹೆಂಡತಿಗೆ ಬದುಕಿದ್ದಾಗ ಅವನು ಕಲಿಸಿದ್ದು ಅಂಕಿಗಳನ್ನು, ಅದೂ ಫ್ಯೂಸಿನ ಮೇಲಿರುವ ಅಂಕಿಗಳನ್ನು.

ಆರು ಮಗ್ಗದ ಆ ಲೈನಿಗೆ ಅಂಗಪ್ಪ ಇನ್ನೂ ನಾಲ್ಕು ಮಗ್ಗ ಸೇರಿಸಿದ. ದಿನಕ್ಕೆ ಮೂರು ಸಲ ಫ್ಯೂಸ್ ಹೋಗತೊಡಗಿತು. ಸತ್ತವನ ಕೆಲಸವೇ ಸರಿಯಿಲ್ಲವೆಂದು ಎಲ್ಲರೆದುರು ಆಡಿಕೊಂಡು, ತಾನೇ ದಪ್ಪ ತಾಮ್ರದ ತಂತಿ ಸುತ್ತಿಟ್ಟ. ಫ್ಯೂಸ್ ಹೋಗುವುದು ನಿಂತಿತು, ಗೋಡೆಯ ವೈರು ಕಾಯತೊಡಗಿತು. ಶೆಡ್ಡಿನ ತುಂಬ ಹತ್ತಿಯ ಎಳೆ, ಒಂಬತ್ತು ಹೆಂಗಸರು, ಒಂದೇ ಬಾಗಿಲು. ಆ ದಪ್ಪ ತಂತಿ ತೆಗೆಯಿರೆಂದು ಎರಡು ದಿನ ಪಾವಾತ್ತಾಳ್ ಹೇಳಿದಳು. ಅವನು ನಕ್ಕ.

ಮೂರನೆಯ ದಿನ ಸುಟ್ಟ ವಾಸನೆ ಬಂತು. ಅವಳು ಎದ್ದು ಮೊದಲು ಮೇನ್ ಸ್ವಿಚ್ಚು ಇಳಿಸಿದಳು. ಪ್ರತಿ ಆಯುಧಪೂಜೆಗೂ ಬಳಿದ ಗಂಧ ಕುಂಕುಮ ಮೂರೂ ಫ್ಯೂಸುಗಳ ಮೇಲೆ ಹಕ್ಕಳೆಗಟ್ಟಿತ್ತು, ಕೆಳಗೇನು ಬರೆದಿದೆಯೆಂದು ಯಾರೂ ನೋಡಿದವರಲ್ಲ. ಒಂದನ್ನು ಕಿತ್ತು ಸೆರಗಿನಿಂದ ತಿಕ್ಕಿದಳು. ಪೂಜೆಯ ಬೊಟ್ಟು ಅಳಿಸುತ್ತೀಯಾ ಎಂದು ಬೈಯುತ್ತ ಬಂದ ಅಂಗಪ್ಪನಿಗೆ ಅಂಕಿ ತೋರಿಸಿದಳು. ಒಂದು ಕಡೆ ಹದಿನಾರು, ಪಕ್ಕದಲ್ಲಿ ನಾನೂರ ಹದಿನೈದು. ಅವನ ಮುಖ ಅರಳಿತು.

“ನಾನೂರ ಹದಿನೈದು ಅಂತ ಬರ್ದಿದೆ. ಹತ್ತಲ್ಲ, ನೂರು ಮಗ್ಗ ಎಳೀತದೆ. ಹೋಗಿ ನೂಲು ಸುತ್ತು.”

“ಅದು ವೋಲ್ಟು ಅಣ್ಣ. ಇದ್ರೊಳಗೆ ಹರೀಬೇಕಾದ ಕರೆಂಟು ಹದಿನಾರು ಆಂಪೇರೇ. ಅದಕ್ಕಿಂತ ಜಾಸ್ತಿಯಾದ್ರೆ ತಂತಿ ಕರಗ್ಬೇಕು, ಕರಗೋದೇ ಅದ್ರ ಕೆಲ್ಸ. ನೀವು ಕರಗೋಕೆ ಬಿಡ್ಲಿಲ್ಲ, ಇನ್ನು ನಾವು ಉರೀತೀವಿ.”

“ಗಂಡ ಹೋದ್ಮೇಲೆ ನೀನೇ ವೈರ್‌ಮನ್ ಆದ್ಯಾ?”

ಹದಿನೆಂಟು ವರ್ಷ ದುಡಿದವಳಿಗೆ ಆಡುವ ಮಾತೇ ಇದು? ಅವಳು ಉಳಿದೆರಡನ್ನೂ ಕಿತ್ತು, ಮೂರನ್ನೂ ಮಡಿಲಿಗೆ ಕಟ್ಟಿಕೊಂಡು ಹೊರಗೆ ಜಗಲಿಯ ಮೇಲೆ ಕೂತಳು. ಉಳಿದ ಎಂಟು ಮಂದಿಯೂ ಬಂದು ಪಕ್ಕದಲ್ಲಿ ಕೂತರು. ಮಗ್ಗದ ಸದ್ದು ನಿಂತದ್ದಕ್ಕೆ ಬೀದಿಯವರೆಲ್ಲ ಇಣುಕಿದರು. ಎರಡು ಗಂಟೆ ಕಾದು ಕಾದು ಅಂಗಪ್ಪ ಪಕ್ಕದ ಬೀದಿಯ ವೈರ್‌ಮನ್ನನನ್ನು ಕರೆಸಿದ.

ಪಾವಾತ್ತಾಳ್ ಮೂರು ಫ್ಯೂಸನ್ನೂ ಅವನ ಕೈಗಿಟ್ಟಳು. ಅವನು ಬೋರ್ಡಿನ ಹಿಂದೆ ಕೈಹಾಕಿದರೆ ವೈರಿನ ಹೊದಿಕೆ ಸುಟ್ಟ ಹಪ್ಪಳದಂತೆ ಪುಡಿಯಾಯಿತು. “ಸೆಂಗೋಡಣ್ಣ ಆರು ಮಗ್ಗಕ್ಕೆ ಹಾಕಿದ್ದು ಸರಿಯಾಗೇ ಇದೆ. ಈ ತಂತಿ ಸುತ್ತಿದ ಪುಣ್ಯಾತ್ಮ ಯಾರು?” ಎಂದು ಕೇಳಿದ. ಅಂಗಪ್ಪ ನೆಲ ನೋಡಿದ. ಸಂಜೆಯೊಳಗೆ ಫ್ಯೂಸಿನ ದಪ್ಪ ತಂತಿ ಹೋಯಿತು, ಹಳೆಯ ವೈರು ಬದಲಾಯಿತು, ನಾಲ್ಕು ಮಗ್ಗಕ್ಕೆ ಬೇರೆ ಲೈನು ಬಂತು.

ಅಂಗಪ್ಪನಿಂದ ತಪ್ಪಾಯಿತೆಂಬ ಒಂದು ಮಾತು ಬರಲಿಲ್ಲ. ಬಂದದ್ದು ಸೋಮವಾರದಿಂದ ಕೆಲಸಕ್ಕೆ ಬೇಡವೆಂಬ ಸುದ್ದಿ. ಒಂಬತ್ತು ಜೀವ ಉಳಿಸಿದ್ದಕ್ಕೆ ಸಿಕ್ಕ ಮರ್ಯಾದೆ ಅಷ್ಟೇ. ಪಾವಾತ್ತಾಳ್ ಬೇರೆ ಶೆಡ್ಡಿಗೆ ಹೋದಳು, ಹೋದ ದಿನವೇ ಅಲ್ಲಿನ ಫ್ಯೂಸ್ ತಿಕ್ಕಿ ಅಂಕಿ ನೋಡಿದಳು.

ಅಂಗಪ್ಪನ ಶೆಡ್ಡಿನ ಹೆಂಗಸರು ಈಗ ಆಯುಧಪೂಜೆಗೆ ಬೊಟ್ಟಿಡುವುದು ಬೋರ್ಡಿನ ಮರಕ್ಕೆ. ಹದಿನಾರು ಕಾಣುತ್ತಲೇ ಇರುತ್ತದೆ.