ಮೂಲೆಯಲ್ಲಿ ನಿಲ್ಲುತ್ತಿದ್ದ ಪದ

ಈ ಊರಿನಲ್ಲಿ ಕೆಮ್ಮುವುದಕ್ಕೂ ಒಂದು ಹೊತ್ತಿದೆ ಎಂದು ನನಗೆ ಗೊತ್ತಾದದ್ದು ಹ್ಯೂಸ್ಟನ್ ಡೌನ್‌ಟೌನಿನ ಸಂಗೀತ ಸಭಾಂಗಣದಲ್ಲಿ. ವೇದಿಕೆ ತುಂಬ ಪಿಟೀಲು, ಕಹಳೆ, ಕೊಳಲು. ಎದುರಿಗೆ ಸಾವಿರಾರು ಜನ ಉಸಿರು ಬಿಗಿಹಿಡಿದು ಕೂತಿದ್ದರು. ಒಂದು ಭಾಗ ಮುಗಿಯಿತು, ನಾನು ಚಪ್ಪಾಳೆಗೆ ಕೈ ಎತ್ತಿದೆ, ಯಾರೂ ತಟ್ಟಲಿಲ್ಲ. ಬದಲಿಗೆ ಇಡೀ ಸಭೆ ಒಟ್ಟಿಗೆ ಕೆಮ್ಮಿತು. ಗಂಟಲು ಸರಿಮಾಡಿಕೊಂಡಿತು, ಕುರ್ಚಿಯಲ್ಲಿ ಮಿಸುಕಾಡಿತು. ವಾದ್ಯದವರು ಹಾಳೆ ಮಗುಚಿ ಮತ್ತೆ ಶುರು ಮಾಡಿದೊಡನೆ ಸ್ಮಶಾನಮೌನ. ಎತ್ತಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಕೂದಲು ಸರಿಮಾಡಿಕೊಂಡೆ.

ಆ ಮೌನದಲ್ಲಿ ತಾಳ ಹಾಕುತ್ತಿದ್ದುದು ನನ್ನ ಪಕ್ಕ ಕೂತಿದ್ದ, ನಾನಿರುವ ಮನೆಯ ಪದ್ಮ ಆಂಟಿಯ ಕೈ ಒಂದೇ. ತೊಡೆಯ ಮೇಲೆ ಅಂಗೈ ಬಡಿದು, ಬೆರಳು ಎಣಿಸಿ, ಮತ್ತೆ ಬಡಿದು. ಪಿಟೀಲುಗಳು ಮೆತ್ತಗೆ ಇಳಿದು ಬಂದ ಕಡೆ ಅವರು “ಆಹಾ” ಅಂದೇಬಿಟ್ಟರು. ಮುಂದಿನ ಸಾಲಿನ ಅಜ್ಜಿಯೊಬ್ಬರು ತಿರುಗಿ ನೋಡಿದರು. ಆಂಟಿ ಅವರಿಗೆ ನಕ್ಕು ತಲೆಯಾಡಿಸಿದರು, ಚೆನ್ನಾಗಿದೆ ಅಲ್ವಾ ಅನ್ನುವ ಹಾಗೆ. ನಮ್ಮ ಮೈಸೂರಿನ ಕಛೇರಿಗಳಲ್ಲಿ ಹಾಡುವವರಷ್ಟೇ ಕೇಳುವವರೂ ದುಡಿಯುತ್ತಾರೆ. ತಲೆದೂಗುತ್ತಾರೆ, ಚ್ಚು ಚ್ಚು ಅನ್ನುತ್ತಾರೆ, ಮೃದಂಗದ ತನಿ ಆವರ್ತನಕ್ಕೆ ಎದ್ದು ಕಾಫಿಗೂ ಹೋಗುತ್ತಾರೆ. ಇಲ್ಲಿ ಕೇಳುವವರ ಕೆಲಸ ಅಲುಗಾಡದೆ ಇರುವುದು.

ಬಿಡುವಿನ ವೇಳೆಯಲ್ಲಿ ಆಂಟಿಗೆ ಆ ನುಡಿಸಾಣಿಕೆಯದೇ ಗುಂಗು. ಅದನ್ನು ಕಟ್ಟಿದ ಜರ್ಮನ್ ಸಂಗೀತಗಾರ ಸತ್ತು ಇನ್ನೂರು ವರ್ಷವಾಗಿದೆ, ಅವನು ಹಾಕಿದ ಒಂದು ಚುಕ್ಕೆಯನ್ನೂ ಇವರು ಬಿಟ್ಟಿಲ್ಲ ಎಂದು ಮತ್ತೆ ಮತ್ತೆ ಹೇಳಿದರು. ಆಮೇಲೆ, “ನಮ್ಮಪ್ಪ ಹೇಳ್ತಿದ್ದ ಪದಾನ ಯಾರೂ ಹೀಗೆ ಬರೆದಿಡ್ಲಿಲ್ಲ ನೋಡು ಜೆಸ್ಸಿ. ಬಾಯಲ್ಲಿ ಇರೋವರೆಗೆ ಇರುತ್ತೆ, ಅಷ್ಟೇ” ಅಂದರು.

ನಾನು ಬರೆದುಕೊಡ್ತೀನಿ ಆಂಟಿ ಅಂದೆ. ಮೈಸೂರಿನ ನಮ್ಮ ಚರ್ಚಿನ ಗಾಯನವೃಂದದಲ್ಲಿ ಚಿಕ್ಕಂದಿನಿಂದ ಹಾಡಿದವಳು ನಾನು. ಐದು ಗೆರೆಗಳ ಮೇಲೆ ಸ್ವರ ಬರೆಯುವ ಪಾಶ್ಚಾತ್ಯ ಪದ್ಧತಿ ನನಗೆ ಅಕ್ಷರಮಾಲೆಯಷ್ಟೇ ರೂಢಿ. ಆಂಟಿ ಖುಷಿಯಾದರು. ಬರೆಯುವಿಯಂತೆ, ಅದಕ್ಕೇನು ಅವಸರ ಅಂದರು. ಅವಸರ ಇತ್ತು. ಇಬ್ಬರಿಗೂ ಗೊತ್ತಾಗಲಿಲ್ಲ.

ನಾನು ಈ ಊರಿಗೆ ಬಂದದ್ದು ಮಳೆನೀರು ಹರಿದುಹೋಗುವ ಕಾಲುವೆಗಳ ಬಗ್ಗೆ ಓದಲಿಕ್ಕೆ. ಹ್ಯೂಸ್ಟನ್ನಿನ ತುಂಬ ‘ಬಾಯೂ’ಗಳಿವೆ. ಬಾಯೂ ಎಂದರೆ ಹಳ್ಳವೂ ಅಲ್ಲದ ಹೊಳೆಯೂ ಅಲ್ಲದ ಒಂದು ಮಂದ ನೀರು. ಮಾಮೂಲಿ ದಿನ ಅದು ಹರಿಯುತ್ತಿದೆಯೋ ನಿಂತಿದೆಯೋ ಹೇಳಲಾಗದು, ಮಳೆ ಹಿಡಿದರೆ ರಸ್ತೆಯೆಲ್ಲ ತನ್ನದು ಅನ್ನುತ್ತದೆ. ಮೊದಲ ಆರು ತಿಂಗಳು ನನ್ನ ಪಾಡೂ ಆ ಬಾಯೂ ಥರವೇ ಇತ್ತು. ವಿಶ್ವವಿದ್ಯಾಲಯದ ಹತ್ತಿರದ ಅಪಾರ್ಟ್‌ಮೆಂಟಿನಲ್ಲಿ ಇನ್ನಿಬ್ಬರು ಹುಡುಗಿಯರ ಜೊತೆ ಇದ್ದೆ. ಒಳ್ಳೆಯವರೇ, ಆದರೆ ನಮ್ಮ ನಡುವೆ ಹಿಂದಿ, ಇಂಗ್ಲಿಷ್ ಅಷ್ಟೇ. ವಾರಗಟ್ಟಲೆ ಒಂದು ಕನ್ನಡ ಶಬ್ದ ಬಾಯಿಂದ ಹೊರಬೀಳುತ್ತಿರಲಿಲ್ಲ. ಮನೆಯಿಂದ ಹೊರಟು ಹಾಗೇ ನಡೆದುಕೊಂಡು ಹೋಗುವ ಸುಖವೂ ಇಲ್ಲ. ಇಲ್ಲಿ ಉಪ್ಪಿನ ಪೊಟ್ಟಣಕ್ಕೂ ಡ್ರೈವ್ ಮಾಡಬೇಕು, ನನಗೆ ಕಾರಿಲ್ಲ.

ಒಂದು ಭಾನುವಾರ ಯಾರದೋ ಕಾರಿನಲ್ಲಿ ಜಾಗ ಸಿಕ್ಕಿ ಹಿಲ್‌ಕ್ರಾಫ್ಟಿನ ಅಂಗಡಿಗೆ ಹೋಗಿದ್ದೆ. ಮಹಾತ್ಮ ಗಾಂಧಿ ಡಿಸ್ಟ್ರಿಕ್ಟ್ ಅಂತ ಬೋರ್ಡು ಹಾಕಿಸಿಕೊಂಡ ಬೀದಿ ಅದು. ಸೀರೆ, ಮಿಠಾಯಿ, ದಿನಸಿ ಎಲ್ಲ ಅಲ್ಲೇ. ಫ್ರೀಜರಿನಲ್ಲಿ ಅವರೆಕಾಳಿನ ಪ್ಯಾಕೆಟ್ಟು ಐಸು ಕಟ್ಟಿ ಕಲ್ಲಾಗಿತ್ತು. ಇದನ್ನ ಹೆಂಗಪ್ಪಾ ಬಿಡಿಸೋದು ಎಂದು ನನ್ನಷ್ಟಕ್ಕೆ ಗೊಣಗಿದೆ. “ಅದು ಹಳೇದು, ಕೆಳಗಿಂದ ತಗೋ” ಎಂದು ಹಿಂದಿನಿಂದ ಕನ್ನಡದಲ್ಲಿ ಉತ್ತರ ಬಂತು. ನನಗೆ ಅಳು ಬಂದುಬಿಟ್ಟಿತು, ಅವರೆಕಾಳಿನ ಮುಂದೆ ನಿಂತು ಅತ್ತೆ.

ಹಾಗೆ ಸಿಕ್ಕವರು ಪದ್ಮ ಆಂಟಿ. ಮಕ್ಕಳ ಡಾಕ್ಟರಾಗಿದ್ದು ರಿಟೈರ್ ಆದವರು. ಅಂಕಲ್ ತೀರಿಕೊಂಡ ಮೇಲೆ ತೈಲ ಕಂಪನಿಗಳಿರುವ ಎನರ್ಜಿ ಕಾರಿಡಾರ್ ಕಡೆಯ ದೊಡ್ಡ ಮನೆಯಲ್ಲಿ ಒಬ್ಬರೇ ಇದ್ದರು. ಮಗಳು, ಮೊಮ್ಮಗಳು ಅನಿಕಾ ಆಸ್ಟಿನ್‌ನಲ್ಲಿ. ಮೇಲಿನ ರೂಮು ಖಾಲಿ ಇದೆ, ಬಂದಿರು ಅಂದರು. ಹೆಸರು ಕೇಳಿ, ಊರು ಕೇಳಿ, ಮೀನು ತಿನ್ನುತ್ತೀಯಾ ಎಂದು ಕೇಳಿದರು. ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಗ್ಯಾರೇಜಲ್ಲಿ ಇನ್ನೊಂದು ಒಲೆ ಇದೆ, ಅಲ್ಲಿ ಹುರ್ಕೋ. ಮನೆಯೊಳಗೆ ಹುರಿದ್ರೆ ಹೊಗೆ ಅಲಾರಂ ಬಡ್ಕೊಳುತ್ತೆ, ನಾನಲ್ಲ” ಅಂದರು. ಅವರ ಕಾರಿನ ಪಕ್ಕ ನಿಂತು ಹುರಿದ ಮೀನಿನ ರುಚಿಯನ್ನು ಅಮ್ಮನಿಗೆ ಫೋನಿನಲ್ಲಿ ವರ್ಣಿಸಿದ್ದೇನೆ. ಅಮ್ಮನಿಗೆ ಇನ್ನೂ ನಂಬಿಕೆ ಬಂದಿಲ್ಲ.

ಬೆಳಿಗ್ಗೆ ಎದ್ದರೆ ಕೆಳಗಿನಿಂದ ಆಂಟಿಯ ಪದ ಕೇಳುತ್ತಿತ್ತು. ದಾಸರ ಪದ, ಸಾಹಿತ್ಯ ಎಲ್ಲರಿಗೂ ಗೊತ್ತಿರುವಂಥದೇ. ನಾನೂ ಶಾಲೆಯ ಪ್ರಾರ್ಥನೆಯಲ್ಲಿ ಹಾಡಿದ್ದೆ. ಆದರೆ ಈ ಧಾಟಿಯನ್ನು ಎಲ್ಲೂ ಕೇಳಿರಲಿಲ್ಲ. ಅದಕ್ಕೆ ಒಂದು ನಡಿಗೆ ಇತ್ತು. ಎರಡನೆಯ ಸಾಲಿನ ಕೊನೆಯಲ್ಲಿ ಒಂದು ಸ್ವರವನ್ನು ಹಿಡಿದು ನಿಲ್ಲುತ್ತಿತ್ತು. ಗಾಯನವೃಂದದ ಚಟಕ್ಕೆ ನಾನು ಎಷ್ಟು ಮಾತ್ರೆ ಎಂದು ಎಣಿಸಿ ನೋಡಿದೆ. ಒಂದು ದಿನ ಇದ್ದಷ್ಟು ಇನ್ನೊಂದು ದಿನ ಇರುತ್ತಿರಲಿಲ್ಲ. ಕೊನೆಗೆ ಕೇಳಿಯೇಬಿಟ್ಟೆ, ಎಷ್ಟು ಹೊತ್ತು ಹಿಡೀಬೇಕು ಆಂಟಿ?

“ಹಿಂದುಗಡೆ ಇರೋರು ಬರೋವರೆಗೂ” ಅಂದರು.

ಅವರ ತಂದೆ ಹೊಸದುರ್ಗದಲ್ಲಿ ಡ್ರಾಯಿಂಗ್ ಮೇಷ್ಟ್ರು. ಧನುರ್ಮಾಸದ ಬೆಳಗಿನ ಜಾವ ತಾಳ, ತಂಬೂರಿ ಹಿಡಿದು ಬೀದಿ ಬೀದಿ ಭಜನೆ ಹೋಗುವ ಗುಂಪಿಗೆ ಅವರೇ ಮುಂದಾಳು. ಮುಂದಿನವರು ಬೀದಿಯ ಮೂಲೆ ತಲುಪುವಾಗ ಮುದುಕರು, ಮಕ್ಕಳು, ಚಳಿಗೆ ಕಾಲೆಳೆಯುವವರು ಹಿಂದೆ ಉಳಿದಿರುತ್ತಾರೆ. ಅವರನ್ನು ಬಿಟ್ಟು ತಿರುಗಿದರೆ ಹಾಡು ಎರಡು ಬೀದಿಗೆ ಎರಡು ತುಂಡಾಗುತ್ತದೆ. ಅದಕ್ಕೇ ಮೇಷ್ಟ್ರು ಮೂಲೆಯಲ್ಲಿ ನಿಂತು ಆ ಸ್ವರ ಹಿಡಿಯುತ್ತಿದ್ದರು. ಕೊನೆಯವರು ಬಂದು ಸೇರಿದ ಮೇಲೆ ಮುಂದಿನ ಸಾಲು. ದಾಸರು ಹಾಗೆ ಕಟ್ಟಿದರೋ ಇಲ್ಲವೋ, ಹೊಸದುರ್ಗದ ಆ ಬೀದಿಗಳು ಹಾಗೆ ಕಟ್ಟಿಕೊಂಡವು. ಆಂಟಿ ಅದನ್ನು ಟೆಕ್ಸಾಸಿಗೆ ತಂದಿದ್ದರು. ಕಾರಿನಲ್ಲಿ ಹಾಡಿಕೊಳ್ಳುತ್ತ ಸ್ಟಾಪ್ ಸೈನ್ ಬಂದಾಗ ಆ ಸ್ವರ ಹಿಡಿಯುತ್ತಿದ್ದರು. ಅಡ್ಡ ರಸ್ತೆಯವನಿಗೆ ಮೊದಲು ಹೋಗು ಎಂದು ಕೈಬೀಸಿ, ಅವನು ದಾಟಿದ ಮೇಲೆ ಸಾಲು ಮುಂದುವರಿಸುತ್ತಿದ್ದರು.

ಆ ವರ್ಷ ದಾಸರ ಆರಾಧನೆಯನ್ನು ಡಲ್ಲಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಊರಿನ ಕನ್ನಡದವರು ಸೇರಿ ಡಲ್ಲಸಿನಲ್ಲಿ ಮಾಡುವುದೆಂದಾಯಿತು. ಮೂರೂ ಊರಿನವರು ಒಂದೇ ಕಂಠದಲ್ಲಿ ಹಾಡುವ ಗೋಷ್ಠಿ ಗಾಯನ ಮುಖ್ಯ ಆಕರ್ಷಣೆ. ಡಲ್ಲಸಿನ ಸುರೇಶ್ ಅಂಕಲ್ ಎಂಬ ಇಂಜಿನಿಯರ್ ಎಲ್ಲ ವಹಿಸಿಕೊಂಡಿದ್ದರು. ಇನ್ನೂರು ಮೈಲಿ ಆಚೀಚೆ ಇರುವವರು ಒಟ್ಟಿಗೆ ಪ್ರಾಕ್ಟೀಸ್ ಮಾಡಲಾಗದು. ಹಾಗಾಗಿ ಅವರು ಒಂದು ಟ್ರ್ಯಾಕ್ ಮಾಡಿ ಎಲ್ಲರ ಫೋನಿಗೆ ಕಳಿಸಿದರು. ಶ್ರುತಿ, ತಾಳ, ಧಾಟಿ ಎಲ್ಲ ಅದರಲ್ಲೇ ನಿಗದಿ. ಪಟ್ಟಿಯಲ್ಲಿ ಆಂಟಿಯ ಪದವೂ ಇತ್ತು, ಈಗ ಎಲ್ಲೆಡೆ ಕೇಳುವ ಧಾಟಿಯಲ್ಲಿ.

ಝೂಮಿನಲ್ಲಿ ಆಂಟಿ ತಮ್ಮ ಧಾಟಿಯನ್ನು ಹಾಡಿ ತೋರಿಸಿದರು. ಸುರೇಶ್ ಅಂಕಲ್ ಕಣ್ಣುಮುಚ್ಚಿ ಕೇಳಿ, ಬಹಳ ಚೆನ್ನಾಗಿದೆ ಅಮ್ಮಾ ಅಂದರು, ಮನಸ್ಸಿನಿಂದಲೇ. ಆದರೆ ಮಕ್ಕಳಿಗೆ ಎಲ್ಲಿ ನಿಲ್ಲಬೇಕು, ಎಲ್ಲಿ ಎತ್ತಬೇಕು ಅಂತ ಹೇಗೆ ಹೇಳಿಕೊಡೋದು ಎಂದು ಕೇಳಿದರು. ಆಂಟಿ ಗೋಷ್ಠಿಯನ್ನೇ ಬಿಟ್ಟುಬಿಡುತ್ತಿದ್ದರೋ ಏನೋ, ಅಷ್ಟರಲ್ಲಿ ಅನಿಕಾ ಆಸ್ಟಿನ್ನಿಂದ ಫೋನ್ ಮಾಡಿದಳು. ಆ ಹುಡುಗಿಗೆ ಕನ್ನಡ ತಿಳಿಯುತ್ತದೆ, ಮಾತು ಇಂಗ್ಲಿಷಿನಲ್ಲಿ. ಅಜ್ಜಿಯ ಪಕ್ಕ ನಿಂತು ಹಾಡಬೇಕು, ಟ್ರ್ಯಾಕ್ ಆಗಲೇ ಕಲಿತಿದ್ದೇನೆ ಅಂದಳು. ಕನ್ನಡದಲ್ಲಿ ಎರಡು ಮಾತಾಡದ ಮೊಮ್ಮಗಳು ಕನ್ನಡದ ಪದ ಹಾಡುತ್ತೇನೆ ಅಂದಾಗ ಯಾವ ಅಜ್ಜಿ ಧಾಟಿಗೆ ಜಗಳವಾಡುತ್ತಾಳೆ?

ಆಂಟಿ ಹೊಸದನ್ನು ಕಲಿಯಲು ಕೂತರು, ಪರೀಕ್ಷೆಗೆ ಕೂತವರ ಹಾಗೆ. ಕಾರಿನಲ್ಲಿ, ಅಡುಗೆಮನೆಯಲ್ಲಿ, ಸಂಜೆಯ ವಾಕಿಂಗಿನಲ್ಲಿ ಅದೇ ಟ್ರ್ಯಾಕ್. ಎರಡನೆಯ ಸಾಲಿನ ಕೊನೆಗೆ ಬಂದರೆ ಅವರು ನಿಂತುಬಿಡುತ್ತಿದ್ದರು, ಟ್ರ್ಯಾಕು ಕಾಯದೆ ಹೋಗುತ್ತಿತ್ತು. ಆಗ ನಾನು ಚಪ್ಪಾಳೆ ತಟ್ಟಿ ಮುಂದಕ್ಕೆ ಎಳೆಯುತ್ತಿದ್ದೆ. ಕಲಿತದ್ದನ್ನು ಮರೆಯುವುದು ಕಲಿಯುವುದಕ್ಕಿಂತ ಕಷ್ಟ ಕಣೆ ಎಂದು ನಗುತ್ತಿದ್ದರು. ಹಳೆಯದನ್ನು ಮೊದಲು ಬರೆದುಕೊಳ್ಳಬೇಕು ಎಂದು ನನಗೂ ಅನ್ನಿಸುತ್ತಿತ್ತು. ಸೆಮಿಸ್ಟರ್ ಮುಗಿಯಲಿ, ಆರಾಧನೆ ಕಳೆಯಲಿ, ಪದ ಎಲ್ಲಿಗೆ ಹೋಗುತ್ತೆ, ಮನೆಯಲ್ಲೇ ಇದೆಯಲ್ಲ ಅಂದುಕೊಂಡೆ.

ಡಲ್ಲಸಿನ ಆ ದಿನದ ಬಗ್ಗೆ ಒಂದು ಕೆಟ್ಟ ಮಾತು ಹೇಳಲಾರೆ. ಬೆಳಿಗ್ಗೆ ಪುಳಿಯೋಗರೆ ಕಟ್ಟಿಕೊಂಡು ಫ್ರೀವೇ ಹಿಡಿದೆವು. ಬಾಡಿಗೆಗೆ ತಗೊಂಡ ದೊಡ್ಡ ಸಭಾಂಗಣ, ಜರಿ ಸೀರೆಗಳು, ವೇದಿಕೆಯ ತುಂಬ ಮೂರು ಊರಿನ ಜನ. ಟ್ರ್ಯಾಕ್ ಶುರುವಾಯಿತು. ಅಷ್ಟು ಕಂಠಗಳು ಒಂದೇ ಆಗಿ ಎದ್ದಾಗ ನನ್ನ ಮೈ ಜುಂ ಎಂದಿತು. ಪದ ಕಟ್ಟಿದ ದಾಸರು ಕಂಡಿದ್ದ ಊರುಗಳ ಹೆಸರನ್ನೂ ಕೇಳದ ಮಕ್ಕಳು, ಅವರ ಮಾತನ್ನು ಅಕ್ಷರ ತಪ್ಪದೆ ಹಾಡುತ್ತಿದ್ದರು. ಎರಡನೆಯ ಸಾಲಿನ ಕೊನೆಗೆ ಸಭೆಯಲ್ಲಿ ಕೂತಿದ್ದ ನಾನು ಆಂಟಿಯನ್ನೇ ನೋಡುತ್ತಿದ್ದೆ. ಅವರು ನಿಲ್ಲಲಿಲ್ಲ. ಅನಿಕಾಳ ಕೈ ಹಿಡಿದು ಸರಾಗವಾಗಿ ದಾಟಿಹೋದರು. ನಾನು ಜೋರಾಗಿ ಚಪ್ಪಾಳೆ ತಟ್ಟಿದೆ.

ಕೆಲವು ವಾರಗಳ ಮೇಲೆ ಒಂದು ಶನಿವಾರ ಗೆರೆಯ ಹಾಳೆ, ಪೆನ್ಸಿಲ್ ಹಿಡಿದು ಕೆಳಗೆ ಬಂದೆ. ಈಗ ನಿಮ್ಮಪ್ಪನ ಪದ ಹೇಳಿ ಆಂಟಿ ಅಂದೆ. ಅವರು ಕಾಫಿ ಲೋಟ ಇಟ್ಟು, ಗಂಟಲು ಸರಿಮಾಡಿಕೊಂಡು ಎತ್ತಿದರು. ಬಂದದ್ದು ಡಲ್ಲಸಿನ ಧಾಟಿ. ಅಯ್ಯೋ ಅದಲ್ಲ ಎಂದು ನಕ್ಕು ಮತ್ತೆ ಎತ್ತಿದರು. ಎರಡು ಶಬ್ದ ಹಳೆಯ ದಾರಿಯಲ್ಲಿ ಹೋಗಿ, ಮೂರನೆಯದಕ್ಕೆ ಮತ್ತೆ ಹೊಸದಕ್ಕೆ ಹೊರಳಿತು. ಕೂತು ಹೇಳಿದ್ದಕ್ಕೆ ಹೀಗೆ, ಅದು ನಡೆಯೋ ಪದ ಎಂದು ಎದ್ದು ಹಾಲ್‌ನಲ್ಲಿ ನಡೆದರು. ಬೀದಿಗೆ ಹೋಗಿ ನಡೆದೆವು. ಬೆಂಗಳೂರಿನ ತಂಗಿಗೆ ಫೋನ್ ಮಾಡಿದರು. ತಂಗಿ ಹಾಡಿದ್ದೂ ಎಲ್ಲರೂ ಹಾಡುವ ಧಾಟಿಯನ್ನೇ. ಅಪ್ಪ ಹೀಗೇ ಅಲ್ವೇನೇ ಹೇಳ್ತಿದ್ದಿದ್ದು ಎಂದು ಆಕೆಯೇ ತಿರುಗಿ ಕೇಳಿದರು. ಫೋನಿನ ತುಂಬ ವಿಡಿಯೋಗಳಿದ್ದವು. ಕೇಕು, ಬಲೂನು, ಅನಿಕಾಳ ನೃತ್ಯ ಎಲ್ಲ ಇತ್ತು. ಬೆಳಿಗ್ಗೆ ಅಡುಗೆಮನೆಯಲ್ಲಿ ಹಾಡುವ ಅಜ್ಜಿಯನ್ನು ಯಾರೂ ಹಿಡಿದಿರಲಿಲ್ಲ, ಅದೇ ಮನೆಯಲ್ಲಿದ್ದ ನಾನೂ. ಅವತ್ತು ಮಧ್ಯಾಹ್ನದ ಹೊತ್ತಿಗೆ ಆಂಟಿ ನಗುವುದನ್ನು ನಿಲ್ಲಿಸಿದರು.

ಈಗಲೂ ಆ ಹಾಳೆ ಖಾಲಿಯೇ ಇದೆ. ದಿನಾ ಕೇಳಿದ್ದ ನನ್ನ ಕಿವಿಯಲ್ಲೂ ಆ ನಿಲುಗಡೆಯೊಂದು ಬಿಟ್ಟು ಉಳಿದದ್ದೆಲ್ಲ ಟ್ರ್ಯಾಕಿನ ಕೆಳಗೆ ಮುಚ್ಚಿಹೋಗಿತ್ತು. ನನಗೆ ಇದರ ಬಗ್ಗೆ ಬಹಳ ಬೇಜಾರಿದೆ, ಮುಚ್ಚಿಡುವುದಿಲ್ಲ. ದೊಡ್ಡವರು ಸತ್ತ ಮೇಲೂ ಬದುಕಿರುತ್ತಾರೆ ಎಂದು ಭಾಷಣಗಳಲ್ಲಿ ಹೇಳುತ್ತಾರೆ. ನಿಜವೇ. ಆ ಜರ್ಮನ್ ಸಂಗೀತಗಾರ ಹ್ಯೂಸ್ಟನ್ನಿನಲ್ಲಿ ಚುಕ್ಕೆ ತಪ್ಪದೆ ಬದುಕಿದ್ದಾನೆ, ದಾಸರು ಡಲ್ಲಸಿನ ಮಕ್ಕಳ ಬಾಯಲ್ಲಿ ಬದುಕಿದ್ದಾರೆ. ಆದರೆ ಅವರನ್ನು ಇಲ್ಲಿಯವರೆಗೆ ಹೊತ್ತು ತಂದ ಒಬ್ಬ ಡ್ರಾಯಿಂಗ್ ಮೇಷ್ಟ್ರು, ಚಳಿಯಲ್ಲಿ ಮೂಲೆಯಲ್ಲಿ ನಿಂತವರು, ನಮ್ಮ ಕಣ್ಣೆದುರೇ ಹೋದರು. ಯಾರೂ ಅವರನ್ನು ತಳ್ಳಲಿಲ್ಲ. ಎಲ್ಲರೂ ಪ್ರೀತಿಯಿಂದಲೇ ಇದ್ದೆವು.

ಕಳೆದ ಕ್ರಿಸ್ಮಸ್ಸಿಗೆ ಮೈಸೂರಿಗೆ ಹೋಗಿದ್ದೆ. ಅದೇ ಚರ್ಚು, ಗಾಯನವೃಂದದಲ್ಲಿ ಅದೇ ನನ್ನ ಜಾಗ. ಎಷ್ಟೋ ವರ್ಷ ಹಾಡಿದ ಕನ್ನಡ ಗೀತೆ, ಹಾಳೆಯೇ ಬೇಕಿಲ್ಲ. ಎರಡನೆಯ ಸಾಲಿನ ಕೊನೆಯಲ್ಲಿ ನಾನು ಸ್ವರ ಹಿಡಿದು ನಿಂತುಬಿಟ್ಟೆ. ಆರ್ಗನ್ ಮುಂದೆ ಹೋಯಿತು, ಎಲ್ಲರೂ ಮುಂದೆ ಹೋದರು, ನನ್ನ ಒಂದು ದನಿ ಹಿಂದೆ ಉಳಿಯಿತು. ಪಕ್ಕದವಳು ಮೊಣಕೈಯಿಂದ ತಿವಿದಳು. ಹೊರಗೆ ಬಂದ ಮೇಲೆ ಅಮ್ಮ, ಯಾಕೆ ಅಲ್ಲಿ ಎಳೆದೆ, ಅಮೆರಿಕದಲ್ಲಿ ಹಾಗೆ ಹಾಡ್ತಾರಾ ಎಂದು ಕೇಳಿದಳು. ಹೂಂ ಅಂದೆ. ಹೊಸದುರ್ಗದ ಬೀದಿಯೊಂದು ಹ್ಯೂಸ್ಟನ್ ಸುತ್ತಿಕೊಂಡು ಮೈಸೂರಿಗೆ ಬಂದದ್ದನ್ನು ಚರ್ಚಿನ ಮೆಟ್ಟಿಲ ಮೇಲೆ ನಿಂತು ಹೇಗೆ ವಿವರಿಸಲಿ?

ಹ್ಯೂಸ್ಟನ್ನಿಗೆ ವಾಪಸ್ ಬಂದ ದಿನ ಆಂಟಿ ನನಗಾಗಿ ಸಾರು ಮಾಡುತ್ತಿದ್ದರು. ಚರ್ಚಿನಲ್ಲಿ ನಡೆದದ್ದನ್ನು ತಮಾಷೆಯಾಗಿ ಹೇಳಿದೆ. ಅವರು ನಗಲಿಲ್ಲ. ಸೌಟು ಕೈಯಲ್ಲೇ ಇತ್ತು.

“ಅವರು ನಿಂತ್ರಾ?”

“ಇಲ್ಲ ಆಂಟಿ. ಮುಂದಕ್ಕೆ ಹೋಗ್ಬಿಟ್ರು.”

“ಮತ್ತೆ ನೀನೇನ್ ಮಾಡ್ದೆ?”

“ಓಡಿಹೋಗಿ ಸೇರ್ಕೊಂಡೆ.”

ಆಂಟಿ ಒಲೆಯ ಕಡೆ ತಿರುಗಿದರು. “ನಾನೂ ಅದನ್ನೇ ಮಾಡಿದ್ದು ಕಣೆ” ಅಂದರು.