ದೇವಿಕೊಪ್ಪಕ್ಕೆ ಹೋದ ಸೂಜಿ ಟಿಕಳಿ

ಹುಬ್ಬಳ್ಳಿಯಿಂದ ಕಲಘಟಗಿಗೆ ಬೆಳಗಿನ ಬಸ್ಸು ಹತ್ತಿದೆವು. ಮಗಳು ಸುಧಾಳಿಗೆ ಪ್ರಯಾಣ ಉಚಿತ. ಅವಳ ಪೆಟ್ಟಿಗೆ ಹೊರಲು ಹೊರಟ ಅಪ್ಪನಾದ ನನಗೆ ಮಾತ್ರ ಟಿಕೆಟ್. ಪೆಟ್ಟಿಗೆಯಲ್ಲಿದ್ದದ್ದು ಅವಳೂ ಗೆಳತಿಯರೂ ಕಾಲೇಜಿನ ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಕೂತು ಮಾಡಿದ ಅಂಟುಪಟ್ಟಿಗಳು. ಹಣೆಗೆ ಹಚ್ಚುವ ಟಿಕಳಿಯಷ್ಟು ಅಗಲ, ಒಳಮೈ ತುಂಬ ಕಣ್ಣಿಗೆ ಕಾಣದ ಸೂಜಿಗಳು. ತೋಳಿಗೆ ಅಂಟಿಸಿದರೆ ಸಾಕು, ರಕ್ತ ತೆಗೆಯದೆಯೇ ಮೈಯೊಳಗಿನ ಸಕ್ಕರೆಯ ಮಟ್ಟ ಮೊಬೈಲಿನಲ್ಲಿ ಕಾಣುತ್ತದೆ. ಅಕ್ಕಪಕ್ಕ ಕೂತವರಿಗೆಲ್ಲ ಇದನ್ನು ವಿವರಿಸಿದೆ. ಸುಧಾ ಕಿಟಕಿಯತ್ತ ಮುಖ ತಿರುಗಿಸಿಕೊಂಡಳು.

ಕಲಘಟಗಿಯಲ್ಲಿ ಗಿರಮಿಟ್ ತಿಂದು, ಚಹಾ ಕುಡಿದು, ಪಟ್ಟಿಯ ಪರೀಕ್ಷೆಗೆ ನಮ್ಮನ್ನು ಕರೆಸಿದ್ದ ಅಲ್ಲಿನ ಡಾಕ್ಟರರ ಜೀಪಿನಲ್ಲಿ ದೇವಿಕೊಪ್ಪ ಸೇರಿದೆವು. ಭತ್ತದ ಗದ್ದೆಗಳ ಮೇಲೆ ಮೋಡವಿತ್ತು, ಮಳೆ ಇರಲಿಲ್ಲ.

ಅಲ್ಲಿ ಆರು ವರ್ಷದ ಗಂಗಾಳಿಗೆ ಸಕ್ಕರೆ ಕಾಯಿಲೆ. ದಿನವೂ ಹಲವು ಸಲ ಬೆರಳು ಚುಚ್ಚಿ ನೋಡಬೇಕು. ಸೂಜಿ ಇಲ್ಲವೆಂದು ನಂಬಿಸಿ ಅಜ್ಜಿ ಕೈ ಹಿಡಿಯುತ್ತಿದ್ದಳು, ತಾಯಿ ಚುಚ್ಚುತ್ತಿದ್ದಳು. ಈಗ ಮಗು 'ಆಯಿ' ಎಂದು ಅಜ್ಜಿಯ ಹತ್ತಿರ ಸುಳಿಯುತ್ತಿರಲಿಲ್ಲ. ಸಕ್ಕರೆ ಪರೀಕ್ಷೆ ತಪ್ಪಿಸಿಕೊಂಡು ಓಡಿ, ಒಮ್ಮೆ ಶಾಲೆಯಲ್ಲಿ ಎಚ್ಚರ ತಪ್ಪಿ ಬಿದ್ದಿದ್ದಳು.

ನಮ್ಮನ್ನೂ ಪೆಟ್ಟಿಗೆಯನ್ನೂ ಕಂಡವಳೇ ಬಾಗಿಲ ಹಿಂದೆ ಸೇರಿ ಕೇಳಿದಳು: "ಇದರಾಗೂ ಸೂಜಿ ಅದಾವೇನು?"

"ಅದಾವು. ಅಗದಿ ಸಣ್ಣವು," ಎಂದಳು ಸುಧಾ.

ಅಜ್ಜಿ ಹಣೆ ಬಡಿದುಕೊಂಡಳು, ಇಲ್ಲ ಅನ್ನಬೇಕಿತ್ತಂತೆ. ಕೆಲಸ ಕೆಟ್ಟಿತು ಎಂದು ನನಗೂ ಅನಿಸಿತು. ಸುಧಾ ಮಾದರಿಗೆಂದು ತಂದಿದ್ದ ಪಟ್ಟಿಯನ್ನು ಗಂಗಾಳ ಅಂಗೈಯಲ್ಲಿಟ್ಟಳು. ಹುಡುಗಿ ಬೆರಳಾಡಿಸಿ, "ಬೆಕ್ಕಿನ ನಾಲಗಿ ಇದ್ದಂಗೈತಿ" ಎಂದು ತಾನೇ ತೋಳು ಚಾಚಿದಳು. ಅಂಟಿಸುವಾಗ ಮುಖ ಕಿವುಚಲಿಲ್ಲ.

ಪಟ್ಟಿ ತೋರಿಸುವ ಅಂಕಿ ಸರಿಯೇ ಎಂದು ನೋಡಲು ಡಾಕ್ಟರರು ಬೆರಳನ್ನೂ ಚುಚ್ಚಬೇಕಿತ್ತು. ಸುಧಾ ಅದನ್ನೂ ಮುಚ್ಚಿಡಲಿಲ್ಲ. "ಇದು ಮಾತ್ರ ನೋಯತೈತಿ" ಎಂದಳು. ಅಜ್ಜಿ ರೂಢಿಯಂತೆ ಕೈ ಹಿಡಿಯಲು ಎದ್ದಳು. ಗಂಗಾ ಬೇಡವೆಂದು ತಲೆಯಾಡಿಸಿ, ಬೆರಳನ್ನು ತಾನೇ ಡಾಕ್ಟರರ ಮುಂದೆ ಹಿಡಿದಳು.

ಎರಡೂ ಅಂಕಿಗಳು ಹೆಚ್ಚುಕಡಿಮೆ ಒಂದೇ ಬಂದವು. ಇನ್ಸುಲಿನ್ ಸೂಜಿ ತಪ್ಪುವುದಿಲ್ಲ, ಇನ್ನೂ ಅನೇಕ ಮಕ್ಕಳಲ್ಲಿ ಪರೀಕ್ಷೆಯಾಗಬೇಕು ಎಂದು ಸುಧಾ ಎಚ್ಚರಿಸಿದಳು. ಯಾರು ಕೇಳುತ್ತಾರೆ? ನನ್ನ ಎದೆ ಉಬ್ಬಿಹೋಗಿತ್ತು. ಪಟ್ಟಿ ಮಾಡಿದ್ದಕ್ಕಿಂತ, ಆ ಮಗುವಿಗೆ ಸುಳ್ಳು ಹೇಳದ್ದಕ್ಕೆ ಹೆಚ್ಚು.

ಜೀಪು ಹತ್ತುವಾಗ ತಿರುಗಿ ನೋಡಿದೆ. ಅಜ್ಜಿ ಕಟ್ಟೆಯ ಮೇಲೆ ಒಬ್ಬಳೇ ಕೂತಿದ್ದಳು. ಗಂಗಾ ಅವಳ ಬಾಜೂಕೆ ಬಂದು ಕೂತು, ಅವಳ ಕೈ ಎತ್ತಿ ತನ್ನ ತೋಳಿನ ಪಟ್ಟಿಯ ಮೇಲಿಟ್ಟುಕೊಂಡಳು.

"ಮೆಲ್ಲಕ ಮುಟ್ಟು, ಆಯಿ."