ಲೈವ್‌ನಲ್ಲಿ ಅಕ್ಕನಿಗೆ ಕೊಡದ ನೀರು

ಮನೆಗೆ ಹದಿನೇಳು ಜನ ಬಂದಿದ್ದರು. ಬಾಗಿಲಲ್ಲಿ ಒಂದು ಜೋಡಿ ಚಪ್ಪಲಿಯೂ ಇರಲಿಲ್ಲ. ಬೆಟಗೇರಿಗೆ ಬಂದು ಎರಡು ತಿಂಗಳಿಗೆ ನಾನು ಮೊದಲ ಸಲ ‘ಲೈವ್’ ಹೋದ ದಿನವದು.

ಲೈವ್ ಎಂದರೆ ಇಲ್ಲಿ ನಡೆಯುವುದನ್ನು ಅದೇ ಹೊತ್ತಿಗೆ ಅಲ್ಲಿಯವರು ಫೋನಿನಲ್ಲಿ ನೋಡುವುದು. ಅದಕ್ಕೊಂದು ‘ಲಿಂಕ್’ ಕಳಿಸಬೇಕು. ಒತ್ತಿದವರು ನೇರ ನಮ್ಮಲ್ಲಿಗೆ ಬರುತ್ತಾರೆ. ಕಲಿಸಿದವರು ಪಕ್ಕದ ಮನೆಯ ರಜಿಯಾಬಿ. ಅವರು ಬಳೆ ಮಾರುವುದೂ ಹೀಗೆಯೇ. ನಮ್ಮೂರು ಹಮ್ಮಿಗಿಯಲ್ಲಿ ಬೇಕೆಂದಾಗ ಹೊಳೆಗೆ ಹೋಗುತ್ತಿದ್ದವಳು ಇಲ್ಲಿ ನಲ್ಲಿ ನೀರು ಬಂದ ದಿನ ಬ್ಯಾರಲ್ ತುಂಬಿಡುವುದನ್ನು ಕಲಿತಿದ್ದೆ. ಇದನ್ನೂ ಕಲಿತೇನು ಅಂದುಕೊಂಡೆ.

ಊರವರಿಗೆಲ್ಲ ಲಿಂಕ್ ಕಳಿಸಿದ್ದು ನೆಪ. ಬೇಕಾದವಳು ಅಕ್ಕ ಶಾಂತವ್ವ. ನಾವು ಊರು ಬಿಟ್ಟ ದಿನ, “ನಿನ್ನ ಬೆಟಗೇರಿ ಮನಿ ಹೊಸ್ತಿಲಾ ತುಳಿಯೂದಿಲ್ಲ ನಾ” ಎಂದವಳು ಆಮೇಲೆ ಮಾತೇ ಆಡಿರಲಿಲ್ಲ.

ಫೋನಿನಲ್ಲಿ ಒಂದೊಂದೇ ಹೆಸರು ಮೂಡಿತು. ನಮ್ಮ ಕಡೆ ಬಂದವರಿಗೆ ನೀರು ಕೊಡದೆ ಮಾತು ಶುರುವಾಗುವುದಿಲ್ಲ. “ಬಾರವ್ವಾ ಗಂಗವ್ವ, ಕುಂಡ್ರು, ನೀರು ತಗೋ” ಎಂದು ತಂಬಿಗೆಯನ್ನು ಫೋನಿನೆದುರು ಹಿಡಿದೆ. ಇನ್ನೊಂದು ಹೆಸರು; ಮತ್ತೆ ತಂಬಿಗೆ.

“ವೈನೀ, ಹಿಂಗ ಎಲ್ಲಾರಿಗೂ ಕೊಡ್ಕೋತ ನಿಂತ್ರ ಬ್ಯಾರಲ್ ಖಾಲಿ ಆಕ್ಕತಿ! ಮನಿ ತೋರಸ್ರಿ!” ಎಂದರು ರಜಿಯಾಬಿ.

ಗಂಗವ್ವನ ‘ಕಾಮೆಂಟ್’, ಅಂದರೆ ಆಕೆ ಬರೆದ ಮಾತು, ಕೆಳಗೆ ಬಂತು: “ನೀರು ಆತು, ಚಾ ಎಲ್ಲೈತಿ?”

ಅಷ್ಟರಲ್ಲಿ ಶಾಂತವ್ವ ಎಂಬ ಹೆಸರು. ತಂಬಿಗೆ ಕೈಯಲ್ಲೇ ಉಳಿಯಿತು. ಬಾಯಿ ತೆರೆಯುವುದರೊಳಗೆ ನೋಡುತ್ತಿರುವವರ ಅಂಕಿ ಹದಿನೇಳು ಇದ್ದದ್ದು ಹದಿನಾರಾಯಿತು. ಎದ್ದು ಹೋದಳೋ, ನೆಟ್ ಹೋಯಿತೋ? ಊರಲ್ಲಿ ಮುನಿಸಿಕೊಂಡು ಹೋದವರ ಹೆಜ್ಜೆಯಾದರೂ ಕೇಳುತ್ತದೆ; ಇಲ್ಲಿ ಒಂದು ಅಂಕಿ ಕಡಿಮೆಯಾಗುತ್ತದೆ, ಅಷ್ಟೇ.

ಮರುದಿನ ಬೆಳಿಗ್ಗೆ ಅವಳದೇ ಫೋನು. “ಗಂಗವ್ವಗ ನೀರು, ಆಕಿ ಸೊಸಿಗೂ ನೀರು. ನನಗ?”

“ನಿನ್ನ ಹೆಸರ ನೋಡಿ ಬಾಯಿ ಕಟ್ತು ಅಕ್ಕಾ.”

“ಮೂರ ಸಲ ನೋಡೇನಿ ಅದನ್ನ. ಮೂರೂ ಸಲ ಕೊಡಲಿಲ್ಲ ನೀ!” ಎಂದು ಫೋನಿಟ್ಟುಬಿಟ್ಟಳು.

ಲೈವ್ ಮುಗಿದ ಮೇಲೂ ಅದರ ‘ರೆಕಾರ್ಡಿಂಗ್’ ನಮ್ಮ ಪೇಜಿನಲ್ಲಿ ಉಳಿಯುತ್ತದಂತೆ; ಅಕ್ಕ ಮೂರು ಸಲ ನೋಡಿದ್ದು ಅದನ್ನೇ. “ಡಿಲೀಟ್ ಮಾಡ್ರಿ, ಅಳಿಸಿ ಹೊಕ್ಕತಿ” ಎಂದರು ರಜಿಯಾಬಿ. ನನಗೆ ಗೊಂದಲ: ಅಳಿಸಿದರೆ ಅಕ್ಕ ಬಂದದ್ದೂ ಅಳಿಸಿಹೋದೀತೇ? ಅಳಿಸಲಿಲ್ಲ.

ಮಧ್ಯಾಹ್ನ ಮತ್ತೆ ಲೈವ್ ಹೋದೆ. ಲಿಂಕ್ ಒಬ್ಬಳಿಗೇ. ಬಹಳ ಹೊತ್ತು ಸೊನ್ನೆ, ಆಮೇಲೆ ಒಂದು.

“ಬಾ ಅಕ್ಕಾ, ಕುಂಡ್ರು. ನೀರು ತಗೋ.”

ಕಾಮೆಂಟ್ ಬಂತು: “ಕುಂತೇನಿ. ಹೊಳಿ ನೀರೇನು?”

“ಅಲ್ಲಕ್ಕಾ, ಬೆಟಗೇರಿದು.”

ಅವಳು ಹಮ್ಮಿಗಿಯ ಕಟ್ಟೆಯ ಮೇಲೆ, ನಾನು ಇಲ್ಲಿ ಬ್ಯಾರಲ್ ಪಕ್ಕ. ಯಾರ ಮನೆಗೆ ಯಾರು ಬಂದಿದ್ದೆವೋ ನನಗಿನ್ನೂ ತಿಳಿದಿಲ್ಲ. ಅಂಕಿ ಮಾತ್ರ ಒಂದರಲ್ಲೇ ನಿಂತಿತ್ತು. ಅದು ಇರುವತನಕ ನಾನು ತಂಬಿಗೆ ಇಳಿಸಲಿಲ್ಲ.